ಪರವಾಗಿಲ್ಲ ಎಂಬ ಮೆಟ್ಟಿಲು

ಜಿಲ್ಲಾ ಶಿಕ್ಷಣ ಕಚೇರಿ ತನ್ನ ಶಾಲೆಗಳನ್ನು ಅಳೆಯಲು ಒಂದು ಏಣಿ ಮಾಡಿಟ್ಟಿತ್ತು. ಅದಕ್ಕೆ ನಾಲ್ಕೇ ಮೆಟ್ಟಿಲು: ಮಾದರಿ, ಉತ್ತಮ, ಪರವಾಗಿಲ್ಲ, ಸಾಲದು. ಓದಿನಲ್ಲಿ, ಲೆಕ್ಕದಲ್ಲಿ, ಶಿಸ್ತಿನಲ್ಲಿ ತಾನು ಯಾವ ಮೆಟ್ಟಿಲ ಮೇಲಿದ್ದೇನೆಂದು ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ತಾನೇ ಹೇಳಿಕೊಳ್ಳಬೇಕು. ‘ಮಾದರಿ’ ಎಂದರೆ ನೋಡಲು ಜನ ಬರುತ್ತಾರೆ. ‘ಉತ್ತಮ’ ಎಂದರೆ ಮುಂದಿನ ವರ್ಷ ಇನ್ನೂ ಉತ್ತಮವಾಗಬೇಕಾಗುತ್ತದೆ. ‘ಸಾಲದು’ ಎಂದರೆ ಮಾನ ಹೋಗುತ್ತದೆ. ಹೀಗಾಗಿ ಇಡೀ ಜಿಲ್ಲೆ ವರ್ಷವರ್ಷವೂ ಮೂರನೆಯ ಮೆಟ್ಟಿಲ ಮೇಲೆ ಒಬ್ಬರ ಕಾಲನ್ನೊಬ್ಬರು ತುಳಿದುಕೊಂಡು ನಿಂತಿರುತ್ತಿತ್ತು.

ತುಳಿದರೂ ಪರವಾಗಿಲ್ಲ. ನಮ್ಮ ಭಾಷೆಯಲ್ಲಿ ಈ ಮಾತಿಗಿರುವಷ್ಟು ಉದ್ಯೋಗ ಬೇರೆ ಯಾವ ಮಾತಿಗೂ ಇಲ್ಲ. ಕಾಲು ತುಳಿದವನಿಗೆ ಅದು ಕ್ಷಮೆ, ಹಾಡಿದವಳಿಗೆ ಮೆಚ್ಚುಗೆ, ಜ್ವರ ಬಿಟ್ಟವನಿಗೆ ಆರೋಗ್ಯ. ಮಾತು ಮುಗಿಸಬೇಕೆನ್ನುವವನಿಗೆ ಅದೇ ಬಾಗಿಲು.

ಹೊಸದಾಗಿ ಬಂದ ನಿರ್ದೇಶಕರು ಈ ವರ್ಷ ವರದಿ ಬೇಡ ಎಂದರು. ಮುಖ್ಯೋಪಾಧ್ಯಾಯರೆಲ್ಲ ಸಭೆಗೆ ಬಂದು, ಎದ್ದು ನಿಂತು, ಬಾಯಿಬಿಟ್ಟು ಹೇಳಬೇಕು. ಜೊತೆಗೊಂದು ಆಸೆಯನ್ನೂ ತೋರಿಸಿದರು: ಓದು ಕಲಿಸುವುದರಲ್ಲೇ ಪಳಗಿದ ಮೂವರು ಶಿಕ್ಷಕಿಯರು ಜಿಲ್ಲೆಗೆ ಸಿಕ್ಕಿದ್ದಾರೆ, ಓದಿನಲ್ಲಿ ‘ಸಾಲದು’ ಎಂದು ಒಪ್ಪಿಕೊಂಡ ಶಾಲೆಗಳಿಗೆ ಮಾತ್ರ ಅವರು ಹೋಗುತ್ತಾರೆ.

ಕಾಲುವೆ ಬೀದಿಯ ಶಾಲೆಯ ಹೆಡ್‌ಮೇಡಂಗೆ ಈ ಆಸೆ ತಟ್ಟಲಿಲ್ಲ. ಅವರ ಶಾಲೆಗೆ ಹೆಸರಿದ್ದದ್ದೇ ಓದಿನಲ್ಲಿ. ಮೂರನೇ ತರಗತಿಯ ಓದನ್ನು ಅವರು ಬೇರೆ ಯಾರ ಕೈಗೂ ಕೊಟ್ಟವರಲ್ಲ. ಅವರ ಮಕ್ಕಳು ಪಾಠ ಓದುವುದು ಕೇಳಿದರೆ ನಲ್ಲಿ ತಿರುಗಿಸಿದ ಹಾಗಿರುತ್ತಿತ್ತು.

ಅವರ ತಮ್ಮ ಅದೇ ಜಿಲ್ಲಾ ಕಚೇರಿಯಲ್ಲಿ ಮೌಲ್ಯಮಾಪನ ವಿಭಾಗದ ಅಧಿಕಾರಿ. ಸಭೆಗೆ ಮುಂಚೆ ಶಾಲೆಗಳಿಗೆ ಹೋಗಿ ಮಕ್ಕಳ ಓದು ಕೇಳಿ ಬರುವುದು ಅವನ ಕೆಲಸ. ಅಕ್ಕನ ಶಾಲೆಗೂ ಬಂದ. ಎರಡು ಜಡೆಯ ಹುಡುಗಿಯೊಬ್ಬಳು ಕೊಡೆ ರಿಪೇರಿಯವನ ಪಾಠವನ್ನು ಒಂದೇ ಉಸಿರಿಗೆ ಓದಿ ಮುಗಿಸಿದಳು. ಅಕ್ಕ ತಮ್ಮನ ಮುಖ ನೋಡಿದರು, ಹೇಗಿದೆ ಎನ್ನುವಂತೆ.

ತಮ್ಮ ಪುಟದ ಮಧ್ಯದ ಒಂದು ಪದದ ಮೇಲೆ ಬೆರಳಿಟ್ಟ. “ಇದೇನು, ಪುಟ್ಟಿ?”

ಹುಡುಗಿ ಮೊದಲ ಸಾಲಿಗೆ ಓಡಿದಳು. ತುಟಿಯಲ್ಲೇ ಗೊಣಗುತ್ತ ಸಾಲು ಸಾಲು ಇಳಿದು ಬೆರಳಿನ ಹತ್ತಿರ ಬಂದು, “ಕಡ್ಡಿ!” ಎಂದಳು, ಗೆದ್ದವಳಂತೆ.

ಅವನು ಮೇಲಿನ ಸಾಲುಗಳನ್ನು ಅಂಗೈಯಿಂದ ಮುಚ್ಚಿ, ಕೆಳಗಿನ ಇನ್ನೊಂದು ಪದ ತೋರಿಸಿದ.

ಹುಡುಗಿ ಪದವನ್ನು ನೋಡಲಿಲ್ಲ, ಅವನ ಕೈಯನ್ನೇ ನೋಡಿದಳು. “ಕೈ ತೆಗೀರಿ ಸರ್. ಹೀಗೆ ಮುಚ್ಚಿದ್ರೆ ಹೇಗೆ ಓದೋದು?”

ಇನ್ನೂ ಕೆಲವರನ್ನು ಕೇಳಿದ್ದಾಯಿತು. ಯಾರನ್ನು ಪುಟದ ನಡುವೆ ಇಳಿಸಿದರೂ ಪಾಠದ ಹೊಸ್ತಿಲಿಗೆ ಹೋಗಿ ಅಲ್ಲಿಂದ ನಡೆದು ಬರುತ್ತಿದ್ದರು.

ಕೋಣೆ ಖಾಲಿಯಾದ ಮೇಲೆ ಅಕ್ಕ ಹೇಳಿದರು: “ಅಪರಿಚಿತರ ಮುಂದೆ ಮಕ್ಕಳು ಹೆದರುತ್ವೆ.”

“ಅವಳು ಹೆದರಿದ್ಲಾ? ನನ್ನನ್ನೇ ಗದರಿಸಿದ್ಲು. ಅಕ್ಕಾ, ಇವರು ಓದ್ತಿಲ್ಲ, ಒಪ್ಪಿಸ್ತಿದ್ದಾರೆ. ನಿನಗೊಬ್ಬ ಶಿಕ್ಷಕಿ ಬೇಕು.”

“ನಿನಗೆ ಅಕ್ಷರ ಕಲಿಸಿದ್ದು ಯಾರಪ್ಪಾ?”

“ನೀನೇ. ಅದಕ್ಕೇ ನಾನು ಇವತ್ತಿಗೂ ಎಲ್ಲಾನೂ ಮೊದಲಿಂದ ಶುರು ಮಾಡ್ತೀನಿ. ನನ್ನ ಹೆಂಡತೀನ ಕೇಳು.”

ಅಕ್ಕ ನಗಲಿಲ್ಲ. “ಸಭೇಲಿ ಎದ್ದು ಸಾಲದು ಅಂದ್ರೆ ಏನಾಗತ್ತೆ ಗೊತ್ತಾ? ಪಕ್ಕದ ಬೀದಿ ಶಾಲೆಯ ಪದಕದ ಮೇಷ್ಟ್ರು ಅದನ್ನ ಡಂಗುರ ಸಾರ್ತಾರೆ. ಬರೋ ವರ್ಷ ನನ್ನ ಅರ್ಧ ಮಕ್ಕಳು ಅವರ ಗೇಟಲ್ಲಿರ್ತಾರೆ.”

“ಇದ್ರೆ ಇರಲಿ. ಈ ಮಕ್ಕಳು ನಾಲ್ಕನೇ ಕ್ಲಾಸಿಗೆ ಹೋದ್ಮೇಲೆ ಅಲ್ಲಿ ವಿಜ್ಞಾನದ ಪುಸ್ತಕಾನ ಯಾರು ಬಾಯಿಪಾಠ ಮಾಡಿಸ್ತಾರೆ?”

ಅಕ್ಕ ಕಿಟಕಿ ಮುಚ್ಚಿದರು. ಅದು ಮೊದಲೇ ಮುಚ್ಚಿತ್ತು. ಮತ್ತೊಮ್ಮೆ ತಳ್ಳಿದರು, ಅಷ್ಟೆ.

ಸಭೆಯ ದಿನ ಮೊದಲು ಎದ್ದವರು ಪದಕದ ಮೇಷ್ಟ್ರೇ. ಯಾವುದೋ ಕಾಲದಲ್ಲಿ ಬಂದ ಪದಕವನ್ನು ಅವರು ಈಗ ಧರಿಸುತ್ತಿರಲಿಲ್ಲ, ಆದರೆ ಅದನ್ನು ಧರಿಸಿದವರ ಹಾಗೆ ಎದೆ ಉಬ್ಬಿಸಿ ನಡೆಯುತ್ತಿದ್ದರು.

“ಲೆಕ್ಕದಲ್ಲಿ ಪರವಾಗಿಲ್ಲ ಸರ್.”

“ಭಾಗಾಕಾರ ಎಷ್ಟು ಮಕ್ಕಳಿಗೆ ಬರತ್ತೆ?” ಎಂದರು ನಿರ್ದೇಶಕರು.

“ಸರ್, ನಮ್ಮ ಶಾಲೆ ಸ್ಥಾಪನೆಯಾದದ್ದು ಒಂದೇ ಒಂದು ಕೊಠಡಿಯಿಂದ. ಆಗ ಅದಕ್ಕೆ ಚಾವಣಿಯೂ ಇರಲಿಲ್ಲ…”

ಮೇಷ್ಟ್ರು ಚಾವಣಿ ಹೊದಿಸಿ, ಗೋಡೆ ಎಬ್ಬಿಸಿ, ಆಟದ ಮೈದಾನಕ್ಕೆ ಬಂದರು. ಹೆಡ್‌ಮೇಡಂ ಮೊದಮೊದಲು ಎಲ್ಲರಂತೆ ಕೇಳುತ್ತಿದ್ದರು. ಮೈದಾನದ ಹೊತ್ತಿಗೆ ಕತ್ತೆತ್ತಿ ನೋಡಿದರು. ಈ ಧಾಟಿ ಅವರಿಗೆ ಗೊತ್ತಿತ್ತು. ಎರಡನೆಯವರು, ಮೂರನೆಯವರು ಎದ್ದರು. ಶೌಚಾಲಯದ ಬಗ್ಗೆ ಕೇಳಿದರೂ ಹಾಜರಾತಿಯ ಬಗ್ಗೆ ಕೇಳಿದರೂ ಎಲ್ಲರೂ ಸ್ಥಾಪನೆಗೆ ಓಡಿ ಅಲ್ಲಿಂದ ಇಳಿದು ಬರುತ್ತಿದ್ದರು. ಒಬ್ಬರಿಗೂ ನಡುವಿನಿಂದ ಓದಲು ಬರುತ್ತಿರಲಿಲ್ಲ.

“ಕಾಲುವೆ ಬೀದಿ ಶಾಲೆ,” ಎಂದು ನಿರ್ದೇಶಕರು ಕರೆದರು.

ಹೆಡ್‌ಮೇಡಂ ಎದ್ದರು. ಗೋಡೆಗೊರಗಿ ನಿಂತಿದ್ದ ತಮ್ಮ ತನ್ನ ಚಪ್ಪಲಿ ನೋಡಿಕೊಳ್ಳತೊಡಗಿದ.

“ಓದಿನಲ್ಲಿ ನಿಮ್ಮ ಮೂರನೇ ತರಗತಿ ಹೇಗಿದೆ ಮೇಡಂ?”

“ನಮ್ಮ ಶಾಲೆ ಸ್ಥಾ…” ಎಂದರು ಹೆಡ್‌ಮೇಡಂ. ನಿಂತರು. ಯಾರೋ ಮೇಲಿನ ಸಾಲುಗಳ ಮೇಲೆ ಅಂಗೈ ಇಟ್ಟ ಹಾಗಿತ್ತು. ಆ ಹುಡುಗಿಯೂ ಹೀಗೇ ನಿಂತಿದ್ದಳು, ಆದರೆ ಅವಳಿಗೆ ಕೈ ತೆಗೀರಿ ಎನ್ನುವ ಧೈರ್ಯವಿತ್ತು.

“ಸಾಲದು,” ಎಂದರು. “ಪಾಠ ಬಾಯಿಗೆ ಬರತ್ತೆ, ಓದೋಕೆ ಬರಲ್ಲ. ಕಲಿಸ್ತಿರೋದು ನಾನೇ.”

ಪದಕದ ಮೇಷ್ಟ್ರಿಗೆ ನಿಜವಾಗಿಯೂ ಕನಿಕರ ಬಂತು. ಮುಂದಕ್ಕೆ ಬಾಗಿ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, “ಪರವಾಗಿಲ್ಲ ಬಿಡಿ ಮೇಡಂ,” ಎಂದರು.

ಹೆಡ್‌ಮೇಡಂ ತಿರುಗಿ ನೋಡಿದರು. “ಪರವಾ ಇದೆ ಸರ್. ಅದಕ್ಕೇ ಹೇಳಿದೆ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ತಕ್ಷಣ ಕೆಮ್ಮಿದರು. ನಿರ್ದೇಶಕರು ನಗಲೂ ಇಲ್ಲ, ಕೆಮ್ಮಲೂ ಇಲ್ಲ. “ಮುಂದಿನ ಸೋಮವಾರ ಒಬ್ಬ ಶಿಕ್ಷಕಿ ಬರ್ತಾರೆ. ನೀವು ಅವರ ಕ್ಲಾಸಲ್ಲಿ ಕೂತ್ಕೋಬೇಕು.”

“ಹಿಂದಿನ ಬೆಂಚಲ್ಲಿ ಕೂತ್ಕೋತೀನಿ,” ಎಂದು ಹೆಡ್‌ಮೇಡಂ ಕುಳಿತರು. ಉಳಿದ ಇಬ್ಬರು ಶಿಕ್ಷಕಿಯರನ್ನು ಆ ದಿನ ಯಾರೂ ಕೇಳಲಿಲ್ಲ. ಅವರನ್ನು ಕೇಳಿ ಮಾರನೆಯ ದಿನದಿಂದ ಕಚೇರಿಗೆ ಗುಟ್ಟಾಗಿ ಫೋನುಗಳು ಬರತೊಡಗಿದವಂತೆ. ಪದಕದ ಮೇಷ್ಟ್ರು ಮಾತ್ರ ಡಂಗುರ ಸಾರುವ ಕೆಲಸದಲ್ಲಿದ್ದರು.

ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ತಮ್ಮ ಕಾಯುತ್ತಿದ್ದ. “ಕೋಪಾನಾ ಅಕ್ಕಾ?”

“ನಾಳೆ ಗೇಟ್ ಹತ್ರ ಎಷ್ಟು ಅಪ್ಪ ಅಮ್ಮ ನಿಂತಿರ್ತಾರೋ ನೋಡಿ ಹೇಳ್ತೀನಿ.” ಅವರು ಚೀಲವನ್ನು ಅವನ ಕೈಗೆ ಕೊಟ್ಟು ಎರಡು ಮೆಟ್ಟಿಲು ಇಳಿದು ನಿಂತರು. “ಅದಿರಲಿ, ಇಷ್ಟು ವರ್ಷ ಎಲ್ಲ ಶಾಲೆಗಳೂ ಪರವಾಗಿಲ್ಲ ಅಂದಾಗ ನೀವೂ ಪರವಾಗಿಲ್ಲ ಅಂತ ಕೂತಿದ್ರಲ್ಲ, ನಿಮ್ಮ ಕಚೇರಿ ಯಾವ ಮೆಟ್ಟಿಲ ಮೇಲಿದೆಯೋ?”

ತಮ್ಮ ಗಂಟಲು ಸರಿಮಾಡಿಕೊಂಡ. “ನೋಡಕ್ಕಾ, ನಮ್ಮ ಕಚೇರಿ ಸ್ಥಾಪನೆಯಾದದ್ದು…”

ಅಕ್ಕ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದರು. “ಮಧ್ಯದಿಂದ ಓದೋ.”