ಹೂವುದುರಿಸುವ ಲಕ್ಷ್ಮಣಫಲ

ದೊಡ್ಡಉಳ್ಳಾರ್ತಿಯ ಪಾತಣ್ಣನ ಕುರಿಗಳು ಹೆಚ್ಚಾಗಿದ್ದವು, ಅವನ್ನು ಕೂಡುವ ರೊಪ್ಪ ಸಾಲುತ್ತಿರಲಿಲ್ಲ. ದೊಡ್ಡದು ಮಾಡೋಣವೆಂದರೆ ಲಕ್ಷ್ಮಣಫಲದ ಗಿಡ ಅಡ್ಡ.

ಆ ಗಿಡ ಹೆಂಡತಿ ತಿಪ್ಪೇರುದ್ರಮ್ಮನದು. ಚಳ್ಳಕೆರೆಯಿಂದ ಸಸಿ ತಂದು, ನೀರು ಹೊತ್ತು, ಬುಡಕ್ಕೆ ಶೇಂಗಾ ಸಿಪ್ಪೆ ಹೊದಿಸಿ, ಕುರಿಗಳಿಗೆ ಸಿಗದಂತೆ ಜಾಲಿಮುಳ್ಳು ಕಟ್ಟಿ ಬೆಳೆಸಿದ್ದಳು. ಗಿಡ ಆಳೆತ್ತರ ಮೀರಿತ್ತು. ಆದರೆ ಬಿಟ್ಟ ಹೂವೆಲ್ಲ ಉದುರುತ್ತಿತ್ತು.

“ಒಂದು ಕಾಯಿನಾದ್ರೂ ಕಚ್ಚೈತಾ? ಸೋಮವಾರ ಕಡೀತೀನಿ,” ಎಂದ ಪಾತಣ್ಣ.

“ಸುಮ್ನೆ ನಿಂತು ತಿನ್ನೋರನ್ನೆಲ್ಲ ಕಡಿಯೋದಾದ್ರೆ, ನಿಮ್ಮ ಆ ಮುದಿ ಟಗರಿನ ಗತಿ ಏನ್ರಿ?”

ಪಾತಣ್ಣನಿಗೆ ನಗು ಬಂತು. ಆದರೂ ಕೊಡಲಿ ಮಸೆದಿಟ್ಟ.

ಭಾನುವಾರ ಪಾತಣ್ಣನ ತಂಗಿಯ ಮಗಳು ಶಿಲ್ಪ ಬಂದಳು. ಅವಳು ಸಸಿಗಳ ನರ್ಸರಿಯಲ್ಲಿ ಕೆಲಸ ಮಾಡುವವಳು. ಒಂದು ಹೂ ಬಿಡಿಸಿ ತೋರಿಸಿದಳು.

“ಮಾವ, ಗಿಡದ್ದು ತಪ್ಪಿಲ್ಲ. ಈ ಹೂವು ಮೊದ್ಲು ಹೆಣ್ಣು, ಆಮೇಲೆ ಗಂಡು. ಹೆಣ್ಣಾಗಿದ್ದಾಗ ಪರಾಗ ಸಿಗಲ್ಲ. ತಂದು ಕೊಡೋ ಹುಳಾನೂ ಇಲ್ಲಿ ಕಮ್ಮಿ. ನಾವೇ ಮುಟ್ಟಿಸ್ಬೇಕು.”

“ಹೂವಿಗೆ ಮದುವೆ ಮಾಡ್ಸೋಕೆ ನಾನೇನು ಐನೋರಾ?”

“ಪೂರ್ತಿ ಅರಳಿದ ಹೂವಿನ ಪುಡಿ ತಗೊಂಡು, ಈಗಿನ್ನೂ ಬಾಯಿ ಬಿಡ್ತಿರೋ ಹೂವಿನ ನಡುವೆ ಮೆತ್ತಗೆ ಸವರೋದು. ಬಿಸಿಲೇರೋ ಮುಂಚೆ. ಅಷ್ಟೇ ಮಾವ.”

ಮರುದಿನ ಬೆಳಿಗ್ಗೆ ತಿಪ್ಪೇರುದ್ರಮ್ಮ ಗಿಡದ ಮುಂದೆ ನಿಂತಳು. ಕಣ್ಣು ಮಂಜು, ಹೂವಿನ ಒಳಗೇನೂ ಕಾಣಲಿಲ್ಲ. ಯಾರನ್ನೂ ಕರೆಯದೆ ತಡಕಾಡುತ್ತಿದ್ದಳು. ಪಾತಣ್ಣ ನೋಡಿದ. ಕೊಡಲಿ ಮುಟ್ಟಲಿಲ್ಲ. ಮರಿಯ ಮೈಯಿಂದ ಚೂರು ಉಣ್ಣೆ ಕತ್ತರಿಸಿ, ಕುಂಚದಂತೆ ಕಡ್ಡಿಗೆ ಸುತ್ತಿ, ಅರಳಿದ ಹೂವಿನ ಪುಡಿ ಅದಕ್ಕೆ ಹತ್ತಿಸಿಕೊಂಡು ಬಂದ.

“ಆ ಕಡೆ ಸರಿ. ಯಾವ ಹೂವು ಹೇಳು.”

“ಮೆಲ್ಲಗೆ, ನೋವಾದೀತು!”

“ಮರಿಗಳಿಗೆ ಹಾಲು ಕುಡಿಸಿದ ಕೈ ಕಣೇ ಇದು.”

ಎಷ್ಟೋ ಹೂವು ಆಗಲೂ ಉದುರಿದವು. ಕೆಲವು ಕಚ್ಚಿದವು. ತಿಂಗಳುಗಳು ಕಳೆದ ಮೇಲೆ ಮೆತ್ತನೆ ಮುಳ್ಳಿನ ದೊಡ್ಡ ಹಸಿರು ಹಣ್ಣನ್ನು ಅಂಗಳದಲ್ಲಿ ಕೂತು ಬಿಚ್ಚಿದರು. ಪಾತಣ್ಣ ಬೀಜ ಬಿಡಿಸಿ ಮೊದಲ ತುಂಡನ್ನು ಹೆಂಡತಿಯ ಬಾಯಿಗಿಟ್ಟ. ಹುಳಿ, ಸಿಹಿ, ಎರಡೂ ಇತ್ತು.

“ರೊಪ್ಪ?” ಎಂದಳು ಆಕೆ.

“ಗೋಡೆ ಆ ಕಡೆ ಹಾಕಿದ್ರಾಯ್ತು ಬಿಡು.”

ಅಕ್ಕಂದಿರೇ, ಅಣ್ಣಂದಿರೇ, ನೀರು ಕೊಡಲು ಸಾಧ್ಯವಿದ್ದರೆ ನಿಮ್ಮ ಹಿತ್ತಿಲಿನಲ್ಲೂ ಒಂದು ಲಕ್ಷ್ಮಣಫಲ ನೆಡಿ. ಹೂವು ಉದುರಿತೆಂದು ಕಡಿಯಬೇಡಿ, ಪರಾಗ ಮುಟ್ಟಿಸಿ ನೋಡಿ. ಬೀಜ ತಿನ್ನಬೇಡಿ. ಇದು ಹಣ್ಣು, ಔಷಧಿಯಲ್ಲ. ಇದರಿಂದ ಕ್ಯಾನ್ಸರ್ ವಾಸಿಯಾಗುತ್ತದೆಂದು ಯಾರೇ ಹೇಳಿದರೂ, ಅದನ್ನು ನಂಬಿ ಆಸ್ಪತ್ರೆಯ ಮಾತ್ರೆ ಬಿಡಬೇಡಿ. ಮನೆಯವರೆಲ್ಲ ಕೂತು ಹಂಚಿಕೊಂಡು ತಿನ್ನಿ.