ಎರಡು ‘ನಾನು’

...ಮುಂದಿನ ನಿಲ್ದಾಣ ಫಿನ್ಸೆ, ಬಾಗಿಲು ಎಡಗಡೆ — ರೈಲಿನ ಕಂಡಕ್ಟರ್ ಹೆಂಗಸು ಉತ್ತರದವಳು, ಪದಗಳ ಬಾಲವನ್ನೆಲ್ಲ ಕತ್ತರಿಸಿ ಎಸೆಯುತ್ತಾಳೆ, ಚೂರೂ ಸಂಕೋಚವಿಲ್ಲ, ಯಾರೂ ನಗುವುದಿಲ್ಲ, ಈಗ ಯಾರೂ ನಗುವುದಿಲ್ಲ — ಕಿಟಕಿಯಾಚೆ ಮೇ ತಿಂಗಳಲ್ಲೂ ಹಿಮ, ಇನ್ನೊಂದು ಗಂಟೆಗೆ ವೋಸ್, ನಮ್ಮೂರು, ಅಣ್ಣ ಐವಿಂದ್ ಬಂದು ನಿಂತಿರುತ್ತಾನೆ, ಆರು ವರ್ಷ ಮಾತು ಬಿಟ್ಟವನ ಮುಂದೆ ಬಾಯಿ ತೆರೆಯಬೇಕು, ಯಾವ ಬಾಯಿ, ‘ನಾನು’ ಎನ್ನುವುದಕ್ಕೆ ನಮ್ಮೂರಲ್ಲಿ ಎಗ್, ರಾಜಧಾನಿ ಓಸ್ಲೋದಲ್ಲಿ ಯಾಯ್, ಹತ್ತೊಂಬತ್ತನೇ ವಯಸ್ಸಿನಲ್ಲಿ ಓಸ್ಲೋದ ಬೇಕರಿಯಲ್ಲಿ ಕೆಲಸಕ್ಕೆ ನಿಂತು ಎಗ್ ಅಂದಾಗ ಗಿರಾಕಿಯೊಬ್ಬಳು, ಅಯ್ಯೋ ಮುದ್ದೇ, ಇನ್ನೊಂದ್ಸಲ ಹೇಳಮ್ಮ, ಕೇಳ್ರೀ ಇಲ್ಲಿ, ಎಂದು ಸಾಲಿನಲ್ಲಿದ್ದವರನ್ನೆಲ್ಲ ಕರೆದಳು, ನನ್ನ ಕೈಯಲ್ಲಿ ದಾಲ್ಚಿನ್ನಿ ಬನ್ನು, ಬೆರಳೆಲ್ಲ ಅಂಟು, ತಿಂಗಳೊಳಗೆ ನಾಲಗೆ ತಿದ್ದಿಕೊಂಡೆ, ಊರಿಗೆ ಪತ್ರ ಮಾತ್ರ ಶಾಲೆಯಲ್ಲಿ ಕಲಿತ ನಮ್ಮ ಕಡೆಯ ಬರಹದಲ್ಲಿ, ಆಮೇಲೆ ಸಿಕ್ಕ ಕಚೇರಿಯ ಕಾಗದವೆಲ್ಲ ನಗರದ ಬರಹದಲ್ಲಿ, ಒಂದು ದೇಶ, ಒಂದೇ ಲಿಪಿ, ಬರೆಯುವ ಭಾಷೆ ಎರಡು, ಕಣಿವೆಗೊಂದು ಮಾತು — ಒಂದು ಭಾನುವಾರ ಮನೆಗೆ ಫೋನ್ ಮಾಡಿ ಮೈಮರೆತು ಯಾಯ್ ಅಂದುಬಿಟ್ಟೆ, ನಾವೇನೂ ತಗೊಳ್ಳೂದಿಲ್ರಿ, ಬ್ಯಾರೆ ಮನಿಗೆ ಮಾಡ್ರಿ, ಎಂದು ಅಪ್ಪ, ಏನೋ ಮಾರುವವಳೆಂದುಕೊಂಡು, ಫೋನ್ ಇಟ್ಟೇಬಿಟ್ಟ, ನಕ್ಕೆ, ನಕ್ಕು ನಕ್ಕು ಕಣ್ಣೊರೆಸಿಕೊಂಡೆ, ತಿರುಗಿ ಮಾಡಲಿಲ್ಲ. ಆರು ವರ್ಷದ ಹಿಂದೆ ಅಪ್ಪನನ್ನು ಮಣ್ಣು ಮಾಡಿದ ದಿನ ಕಾಫಿಗೆ ಕೂತಾಗ ಐವಿಂದ್, ರಾಜಧಾನಿ ಮೇಡಂ ಅವ್ರಿಗೆ ಮೊದ್ಲು ಕೊಡ್ರಿ, ನಮ್ಮ ಮಾತು ಅವ್ರಿಗೆ ತಿಳಿಯೂದಿಲ್ಲ, ಎಂದ, ನಂಟರೆಲ್ಲ ನಕ್ಕರು, ನಾನು ಸಂಜೆಯ ರೈಲು ಹಿಡಿದೆ. ಹೋದ ವಾರ ಅವನದೇ ಫೋನು, ನಂಗ ಎಪ್ಪತ್ತು ತುಂಬಾಕತ್ತಾವ ಗುನ್ವೋರ್, ನೀ ಬರದಿದ್ರ ಕೇಕ್ ಕೊಯ್ಯೂದಿಲ್ಲ ನೋಡು, ಹೂಂ ಅಂದೆ, ಹೂಂ ಎಂಬುದು ಎರಡೂ ಕಡೆ ಒಂದೇ, ಅದರ ಹಿಂದೆ ಅವಿತುಕೊಳ್ಳಬಹುದು —

ವೋಸ್, ಬ್ರೇಕಿನ ಕಿರುಚು, ಇಳಿದೆ, ಅಗೋ ಅವನು, ದಪ್ಪಗಾಗಿದ್ದಾನೆ, ಇಸ್ತ್ರಿ ಮಾಡಿದ ಅಂಗಿ, ತುಟಿ ತನ್ನಷ್ಟಕ್ಕೆ ಏನನ್ನೋ ಗುಣುಗುತ್ತಿದೆ, ಎಗ್ ಎನ್ನಲು ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವನೇ, ಯಾಯ್, ಅದು, ನೀನು ಬಂದದ್ದು ನನಗೆ ಬಹಳ ಸಂತೋಷವಾಯಿತು, ಅಂದು ನಾನು ಹಾಗೆ ಮಾತನಾಡಬಾರದಿತ್ತು — ಈ ಕಣಿವೆ ಬಿಟ್ಟು ಕದಲದ ಅಣ್ಣ, ವಾರ್ತೆ ಓದುವವರ ಹಾಗೆ, ತಡವರಿಸುತ್ತಾ, ಕಿವಿಯವರೆಗೆ ಕೆಂಪಾಗಿ, ವಾರವಿಡೀ ಬಾಯಿಪಾಠ ಮಾಡಿದ್ದಾನೆ, ನನಗಾಗಿ — ಎಗ್, ನಾ ಬಂದೀನಲ್ಲೋ ಅಣ್ಣಾ, ಬಿಡೋ ಸಾಕು, ಅಂದೆ, ನನ್ನ ಎಗ್ ನನಗೇ ಒರಟಾಗಿ ಕೇಳಿಸಿತು, ಅವನಿಗೆ ಕೇಳಿಸಿತೋ ಇಲ್ಲವೋ, ಇನ್ನೂ ಮುಂದಿನ ವಾಕ್ಯ ಹುಡುಕುತ್ತಿದ್ದಾನೆ, ಬಿಳಿ ಗಡ್ಡದ ನಡುವೆ ತುಟಿ ಸೊಟ್ಟಗೆ, ತನ್ನದಲ್ಲದ ಆ ಯಾ, ಯಾ, ತೆರೆದೇ ಇರುವ ಆ ಬಾಯಿ, ಅಣ್ಣನ ಬಾಯಿ