ಈಶಪ್ಪ ಬಿಡಿಸಿದ ಹಿಡಿತ

ಕಿನ್ನಾಳದಲ್ಲಿ ಗೊಂಬೆ ಮಾಡುವ ಈಶಪ್ಪನಿಗೆ ಮದುವೆಗೆ ಮುಂಚೆ ‘ಹಿಡಿತ’ ಎಂಬ ಮಾತಿಗೆ ಒಂದೇ ಅರ್ಥ ಗೊತ್ತಿತ್ತು. ಕೊಪ್ಪಳದ ಗರಡಿಯಲ್ಲಿ ಒಬ್ಬ ಪೈಲ್ವಾನ ಹಿಂದಿನಿಂದ ಅವನ ಕುತ್ತಿಗೆಗೆ ತೋಳು ಹಾಕಿ ಅಮುಕಿದಾಗ ಉಸಿರು ಕಟ್ಟಿ ಕಣ್ಣು ಕತ್ತಲುಗಟ್ಟಿತ್ತು.

“ಕೊಸರಬ್ಯಾಡಲೇ! ಅವನ ಹೆಬ್ಬಟ್ಟು ಹಿಡಿದು ತಿರುವು!” ಎಂದು ಕುಸ್ತಿ ಕಲಿಸುವ ವಸ್ತಾದ ಮೆಹಬೂಬಸಾಬ ಕೂಗಿದ್ದ. ಈಶಪ್ಪ ತಿರುವಿದ, ತೋಳು ಸಡಿಲಾಯಿತು.

ಎರಡನೆಯ ಅರ್ಥ ಕಲಿಸಿದವನು ಸಾಹುಕಾರ ಕೊಟ್ರಬಸಪ್ಪ. ಗೊಂಬೆಗೆ ಬೇಕಾದ ಹಗುರ ಕಟ್ಟಿಗೆಯೆಲ್ಲ ಬಂದು ಬೀಳುತ್ತಿದ್ದುದು ಅವನ ಅಂಗಳಕ್ಕೆ. ಯಾರು ಯಾವ ಗೊಂಬೆ ಮಾಡಬೇಕು, ಅದಕ್ಕೆ ಯಾವ ಬಣ್ಣ ಹಚ್ಚಬೇಕು ಎಂಬುದೂ ಅವನ ಮಾತೇ. ಅವನಿಗಲ್ಲದೆ ಬೇರೆಯವರಿಗೆ ಮಾರುವಂತಿರಲಿಲ್ಲ. 1943ರ ಬೇಸಿಗೆಯಲ್ಲಿ ಈಶಪ್ಪನ ಹೆಂಡತಿ ಕಳಕಮ್ಮ ಕೊಪ್ಪಳದ ಸಂತೆಯಲ್ಲಿ ತಾನೇ ಕೂತು ನಾಲ್ಕು ಗಿಳಿಗೊಂಬೆ ಮಾರಿಬಂದಳು. ಮರುದಿನದಿಂದ ಅವರ ಮನೆಗೆ ಕಟ್ಟಿಗೆ ಬಂದ್.

“ಈಗ ಹೋಗಿ ಅವನ ಕಾಲು ಹಿಡೀತೀರೇನು?” ಎಂದಳು ಕಳಕಮ್ಮ, ಸಿಟ್ಟಿನಿಂದ.

“ಯಾಕ? ಈ ಹಿಡಿತಕ್ಕೂ ಒಂದು ಹೆಬ್ಬಟ್ಟು ಇರಬೇಕಲ್ಲ. ಹುಡುಕೋಣು ತಡಿ.”

ಎರಡೇ ದಿನದಲ್ಲಿ ಅದು ಅವನಿಗೆ ಹೊಳೆಯಿತು. ಗುಡ್ಡದಿಂದ ಕಟ್ಟಿಗೆ ಹೇರಿಕೊಂಡು ಬರುವ ಗಾಡಿ ಒಂದೇ, ದಾದೇಸಾಬನದು. ಈಶಪ್ಪ ಓಣಿಯಲ್ಲಿ ಗೊಂಬೆ ಮಾಡುವ ಒಂಬತ್ತೂ ಮನೆಯವರ ಮಾತು ತೆಗೆದುಕೊಂಡು ಹಿಟ್ನಾಳದ ತನಕ ನಡೆದು ಗಾಡಿಗೆ ಎದುರಾದ.

“ದಾದೇಸಾಬಣ್ಣ, ಕಟ್ಟಿಗಿ ನೇರ ನಮ್ಮ ಓಣಿಗೇ ತಾ. ಒಂಬತ್ತು ಮನಿಯವರು ತಗೋತೀವಿ.”

ದಾದೇಸಾಬ ಎತ್ತುಗಳನ್ನು ನಿಲ್ಲಿಸಿ ಕೆಳಗಿಳಿದ. “ಆ ಸಾಹುಕಾರ ನನಗೂ ಬ್ಯಾರೆ ಬಾಡಿಗಿ ಹೊಡಿಯಾಕ ಬಿಡಂಗಿಲ್ಲೋ ತಮ್ಮಾ. ಎತ್ತಿಗೆ ನೀರು ಕುಡಸಾಕೂ ಅವನ್ನ ಕೇಳಬೇಕು. ಖರೇನ ನನ್ನ ಬೆನ್ನಿಗೆ ನಿಲ್ತೀರಿ?”

“ನಿಲ್ತೀವಿ.”

ಸೋಮವಾರ ಮುಂಜಾನೆ ಗಾಡಿ ಓಣಿಗೆ ಬಂತು. ಅದರ ಬೆನ್ನಿಗೇ ಕೊಟ್ರಬಸಪ್ಪ ಧೋತರ ಎತ್ತಿಕೊಂಡು ಬಂದ.

“ನನ್ನ ಬಿಟ್ಟು ಎಷ್ಟು ದಿನ ಬದುಕ್ತೀರಲೇ?”

ಕಟ್ಟಿಗೆ ಇಳಿಸುತ್ತಿದ್ದ ಈಶಪ್ಪ ತಿರುಗಿ ನಿಂತ. “ನಾವೇನು ನಿಮ್ಮನ್ನ ಬಿಟ್ಟಿಲ್ರಿ ಸಾಹುಕಾರ್ರ. ನೀವು ನಮ್ಮನ್ನ ಬಿಡ್ರಿ, ಅಷ್ಟ ಸಾಕು. ಗೊಂಬಿ ಬೇಕಂದ್ರ ಬರ್ರಿ, ಎಲ್ಲಾರಂಗ ನೋಡಿ ತಗೊಳ್ರಿ.”

ಒಂಬತ್ತು ಬಾಗಿಲಲ್ಲೂ ಜನ ನಿಂತಿದ್ದರು. ಸಾಹುಕಾರ ಬಂದ ದಾರಿಯಲ್ಲೇ ತಿರುಗಿ ಹೋದ.

ಮಳೆಗಾಲದ ಹೊತ್ತಿಗೆ ಗಂಗಾವತಿಯ ಗಿರಾಕಿಗಳು ಗೊಂಬೆ ಬೇಕೆಂದು ಸಾಹುಕಾರನ ಬೆನ್ನುಹತ್ತಿದರು. ಬೇರೆ ದಾರಿ ಕಾಣದೆ ಅವನು ಈಶಪ್ಪನ ಕಟ್ಟೆಗೆ ಬಂದ. ಕಳಕಮ್ಮ ಬಣ್ಣದ ಕೈ ಒರೆಸಿಕೊಂಡು, “ಕುಂದರ್ರಿ, ಕುದರಿಗೆ ಇನ್ನಾ ಕಣ್ಣು ಬರೀಬೇಕು” ಎಂದಳು.

ಅವನು ಕಾಯುತ್ತ ಕುಳಿತ.